ಕತ್ತಲ ಬಂಡಿಯೂ ಬಬಲೇಶ್ವರದ ಪೇಟಿಯೂ

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಕೆಲಸ, ಊರು, ಮತ್ತೆ ಕೆಲಸ... ಅದೇ ಹಳೆ ನೆಪ, ಬಿಡಿ. ಈ ಸಲ ಸಂಕ್ರಮಣಕ್ಕೆ ಊರಿಗೆ ಹೋದಾಗ ನಡೆದ ಒಂದು ಮಾತುಕತೆ ತಲೆಯೊಳಗೆ ಗುಂಯ್ ಅನ್ನುತ್ತಲೇ ಇದೆ. ಬರೆದು ಇಳಿಸದಿದ್ದರೆ ಹೋಗುವಂತೆ ಕಾಣುವುದಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಓದಿ :)

ನಮ್ಮದು ತಿಕೋಟಾ. ವಿಜಯಪುರದಿಂದ (2014ರ ತನಕ ಬಿಜಾಪುರ, ನನ್ನ ಬಾಯಲ್ಲಿ ಈಗಲೂ ಒಮ್ಮೊಮ್ಮೆ ಅದೇ ಬರುತ್ತದೆ) ಪಶ್ಚಿಮಕ್ಕೆ ಅಥಣಿ ದಾರಿ ಹಿಡಿದರೆ ತೊರವಿ ದಾಟಿ ಸಿಗುವ ಊರು. ದ್ರಾಕ್ಷಿ ಪಡಗಳ ಸೀಮೆ. ಸಂಕ್ರಮಣ ಅಂದರೆ ನಮಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ನಂದಿಧ್ವಜದ ಮೆರವಣಿಗೆ, ಮದ್ದು ಸುಡುವುದು, ಬೆಂಡು ಬತ್ತಾಸು, ಮಿರ್ಚಿ ಭಜಿ, ಮತ್ತೆ ಆ ದೊಡ್ಡ ತೊಟ್ಟಿಲು. ಪುಣೆಯಲ್ಲಿರುವ ಅಕ್ಕನ ಮಗನೂ ಬಂದಿದ್ದ. ಅವನನ್ನು ತೊಟ್ಟಿಲಲ್ಲಿ ಕೂಡಿಸೋಣ ಅಂತ ಚೀಟಿ ತಗೊಂಡೆ. ಹುಡುಗ ಕೂತ, ಸುತ್ತಿದ, ಇಳಿದ. "ಹೆಂಗಿತ್ತೋ?" ಅಂದರೆ ಹೆಗಲು ಕುಣಿಸಿ, "ಛಲೋ ಐತಿ ಮಾಮಾ, ಆದ್ರ ಇದರಾಗ ಸ್ಟೋರಿನ ಇಲ್ಲ" ಅಂದ!

ತೊಟ್ಟಿಲಲ್ಲಿ ಕಥೆ ಹುಡುಕುವ ಹುಡುಗ ಇವನು. ಕಾರಣ ಇತ್ತು. ಪುಣೆ ಮುಂಬಯಿ ನಡುವೆ ಖೋಪೋಲಿ ಹತ್ತಿರ 2013ರಲ್ಲಿ ಇಮ್ಯಾಜಿಕಾ ಅನ್ನೋ ಮನರಂಜನಾ ಪಾರ್ಕ್ ಶುರುವಾಯಿತಲ್ಲ, ಅಲ್ಲಿ 'ಡೀಪ್ ಸ್ಪೇಸ್' ಅಂತ ಒಂದು ರೋಲರ್ ಕೋಸ್ಟರ್ ಇದೆ. ಬಯಲಲ್ಲಲ್ಲ, ಕಟ್ಟಡದ ಒಳಗೆ, ಕತ್ತಲಲ್ಲಿ ಓಡುವ ಬಂಡಿ. ಅಂತರಿಕ್ಷಕ್ಕೆ ಹೋಗುವ ಕಲ್ಪನೆ. ಅದನ್ನು ಹತ್ತಿ ಬಂದವನಿಗೆ ನಮ್ಮ ತೊಟ್ಟಿಲು ಬರೀ ಸುತ್ತು.

"ಅದಕ್ಕೂ ಒಬ್ಬ ಅಜ್ಜ ಇದ್ದಾನೆ, ಗೊತ್ತೇನು?" ಅಂದೆ. ಅಲ್ಲಿಂದ ಶುರುವಾಯಿತು ನಮ್ಮ ಪುರಾಣ.

ರೋಲರ್ ಕೋಸ್ಟರ್ ಇತಿಹಾಸವನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ 1884ರ ಜೂನ್‌ನಿಂದ ಹೇಳುತ್ತಾರೆ. ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಕಡಲ ದಂಡೆಯಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಮರದ ಹಳಿ ಹಾಕಿ, ಬಂಡಿ ಬಿಟ್ಟು, ಒಂದು ಸಲಕ್ಕೆ 5 ಸೆಂಟ್ ವಸೂಲಿ ಮಾಡಿದ. ವೇಗ ಗಂಟೆಗೆ 10 ಕಿಲೋಮೀಟರ್ ಆಸುಪಾಸು. ನಮ್ಮ ಎತ್ತಿನ ಗಾಡಿ ಓಟದ ಶರ್ಯತ್ತಿನಲ್ಲೂ ಇದಕ್ಕಿಂತ ಜೋರು! ಆದರೆ ಅವನ ಮುಂದಿನ ಕೆಲಸ ನೋಡಿ. 1887ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ 'ಸೀನಿಕ್ ರೈಲ್ವೆ' ಅಂತ ಕಟ್ಟಿದ. ಬಂಡಿ ಕತ್ತಲ ಸುರಂಗದೊಳಗೆ ನುಗ್ಗುತ್ತದೆ, ನುಗ್ಗುತ್ತಿದ್ದಂತೆ ದೀಪ ಹತ್ತಿಕೊಂಡು ಗೋಡೆಯ ಮೇಲಿನ ಚಿತ್ರಗಳು ಕಾಣುತ್ತವೆ. ಬಂಡಿಗೆ ಕಥೆ ಅಂಟಿಕೊಂಡದ್ದು ಅಷ್ಟು ಹಿಂದೆಯೇ. 1901ರಲ್ಲಿ ಬಫಲೋ ನಗರದ ಪ್ರದರ್ಶನದಲ್ಲಿ ಫ್ರೆಡ್ರಿಕ್ ಥಾಂಪ್ಸನ್ (ಇವನು ಬೇರೆ ಥಾಂಪ್ಸನ್) 'ಚಂದ್ರಯಾನ' ತೋರಿಸಿದ. ರೆಕ್ಕೆಯ ಹಡಗಿನಲ್ಲಿ ಜನರನ್ನು ಕೂಡಿಸಿ, ಹಡಗು ಅಲ್ಲಾಡಿಸಿ, ಕೊನೆಗೆ ಬಣ್ಣದ ಚಂದ್ರಲೋಕದಲ್ಲಿ ಇಳಿಸಿ, ಅಲ್ಲಿಯ 'ಪ್ರಜೆ'ಗಳಿಂದ ಹಾಡು ಕುಣಿತ! ಅಂದರೆ ಬಂಡಿ, ಕತ್ತಲು, ಚಂದ್ರ, ಹಾಡು... ನಾಲ್ಕೂ ಸಾಮಾನು ನೂರಿಪ್ಪತ್ತು ವರ್ಷಗಳ ಹಿಂದೆಯೇ ಸಿದ್ಧವಿದ್ದವು. ಕೂಡಿಸುವವರು ಬೇಕಿತ್ತು.

ಕೂಡಿಸಿದ್ದು ಡಿಸ್ನಿಯವರು. 1959ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಮ್ಯಾಟರ್‌ಹಾರ್ನ್ ಅನ್ನೋ ಹುಸಿ ಪರ್ವತ ಕಟ್ಟಿ, ಕೊಳವೆಯಾಕಾರದ ಉಕ್ಕಿನ ಹಳಿಯ ಮೇಲೆ ಬಂಡಿ ಓಡಿಸಿದರು. ಆ ಬಗೆಯ ಹಳಿಗೆ ಅದೇ ಮೊದಲು. ಆಮೇಲೆ 1960ರ ದಶಕದಲ್ಲಿ ವಾಲ್ಟ್ ಡಿಸ್ನಿ, ಜಾನ್ ಹೆಂಚ್ ಮತ್ತಿತರರು ಪೂರ್ತಿ ಒಳಗೇ ಓಡುವ ಅಂತರಿಕ್ಷದ ಬಂಡಿಯ ಕನಸು ಕಂಡರು. ಕತ್ತಲಲ್ಲಿ ಹಲವು ಬಂಡಿಗಳನ್ನು ಒಂದಕ್ಕೊಂದು ಡಿಕ್ಕಿಯಾಗದಂತೆ ನೋಡಿಕೊಳ್ಳಲು ಆಗಿನ ಕಂಪ್ಯೂಟರಿಗೆ ಶಕ್ತಿ ಸಾಲಲಿಲ್ಲ. 1966ರಲ್ಲಿ ವಾಲ್ಟ್ ತೀರಿಕೊಂಡರು. ಕೊನೆಗೆ 1975ರ ಜನವರಿ 15ರಂದು ಫ್ಲಾರಿಡಾದಲ್ಲಿ 'ಸ್ಪೇಸ್ ಮೌಂಟನ್' ಬಾಗಿಲು ತೆರೆಯಿತು. 1977ರಲ್ಲಿ ಕ್ಯಾಲಿಫೋರ್ನಿಯಾ, 1983ರಲ್ಲಿ ಟೋಕಿಯೋ, 1995ರಲ್ಲಿ ಪ್ಯಾರಿಸ್, 2005ರಲ್ಲಿ ಹಾಂಗ್‌ಕಾಂಗ್.

ಇಷ್ಟು ಹೇಳುವಷ್ಟರಲ್ಲಿ ನಾವಿಬ್ಬರೂ ಗೋಲಗುಮ್ಮಟದ ಹತ್ತಿರ ಬಂದಿದ್ದೆವು. ಲೆಕ್ಕ ಹೇಳಲು ಅದಕ್ಕಿಂತ ಒಳ್ಳೆ ಅಳತೆಗೋಲು ಎಲ್ಲಿ ಸಿಕ್ಕೀತು? 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹಿಯ ಸಮಾಧಿ. ಗುಮ್ಮಟದ ಹೊರ ಅಡ್ಡಳತೆ 144 ಅಡಿ. ನೆಲದಿಂದ ಒಳನೆತ್ತಿಗೆ ಸುಮಾರು 175 ಅಡಿ. ಫ್ಲಾರಿಡಾದ ಸ್ಪೇಸ್ ಮೌಂಟನ್ ಎತ್ತರ 183 ಅಡಿ, ಬುಡದ ಅಡ್ಡಳತೆ ಸುಮಾರು 300 ಅಡಿ. ಎತ್ತರದಲ್ಲಿ ಹೆಚ್ಚುಕಡಿಮೆ ಅಣ್ಣತಮ್ಮಂದಿರು, ಅಗಲದಲ್ಲಿ ಅದು ನಮ್ಮದರ ಇಮ್ಮಡಿ. ಇನ್ನೂ ಒಂದು ಹೋಲಿಕೆ ಇದೆ. ಎರಡರ ಒಳಗೂ ಕಣ್ಣಿಗಿಂತ ಕಿವಿಗೇ ಹೆಚ್ಚು ಕೆಲಸ. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಹುಡುಗ ಒಂದು ಕೂಗು ಹಾಕಿದ. ಅದು ಏಳೆಂಟು ಸಲ ತಿರುಗಿ ಬಂತು. ಗದ್ದಲದ ದಿನ, ಎಣಿಸಲು ಆಗಲಿಲ್ಲ.

ಫ್ಲಾರಿಡಾದ ಆ ಬಂಡಿಯ ಗರಿಷ್ಠ ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್. ನಮ್ಮ ತಿಕೋಟಾ ಬಸ್ಸೇ ಇದಕ್ಕಿಂತ ಜೋರು ಹೋಗುತ್ತದೆ. ಆದರೂ ಹತ್ತಿದವರು ಪ್ರಾಣ ಹೋಯಿತು ಅಂತ ಕಿರುಚುತ್ತಾರೆ. ಯಾಕೆ? ಮುಂದೆ ತಿರುವಿದೆಯೋ ಇಳಿಜಾರಿದೆಯೋ ಕಾಣುವುದಿಲ್ಲ. ಕಣ್ಣು ಮುಚ್ಚಿದ ಕೂಡಲೇ ಮನಸ್ಸು ಬೇರೆ ದಾರಿ ಹುಡುಕುತ್ತದೆ. ಆ ದಾರಿ ಕಿವಿ. ಮೊದಲ ಇಪ್ಪತ್ತು ವರ್ಷ ಬಂಡಿಯಲ್ಲಿ ಕೂತವರ ಕಿವಿಗೆ ಸಿಗುತ್ತಿದ್ದುದು ಗಾಲಿಯ ಸದ್ದು ಮತ್ತು ಪಕ್ಕದವರ ಚೀರಾಟ. ಈಗಲೂ ಹಳೆ ಅಭಿಮಾನಿಗಳಲ್ಲಿ ಒಂದು ಪಂಗಡ ಅದೇ ನಿಜವಾದ ಸಂಗೀತ ಅನ್ನುತ್ತದೆ. ಫ್ಲಾರಿಡಾದಲ್ಲಿ ಕಟ್ಟಡದೊಳಗೆ ಸಂಗೀತ ಸೇರಿಸಿದ್ದಾರೆ, ಆದರೆ ಸೀಟಿನಲ್ಲೇ ಸ್ಪೀಕರ್ ಇಲ್ಲ. ಹಾಗಾಗಿ ಅಲ್ಲಿಯ ಅಭಿಮಾನಿಗಳು ಇಂದಿಗೂ ಎರಡು ಪಾಲು.

ಪ್ಯಾರಿಸ್‌ನದು ಬೇರೆ ಕಥೆ, ಮತ್ತು ಅದು ನನ್ನ ಕಥೆ ಕೂಡ.

2004ರಲ್ಲಿ ಕಂಪನಿ ಕೆಲಸಕ್ಕೆ ಅಂತ ಆರು ತಿಂಗಳು ಪ್ಯಾರಿಸ್‌ನಲ್ಲಿದ್ದೆ. ಆಗ ಸಾಫ್ಟ್‌ವೇರ್ ಹುಡುಗರ ಭಾಷೆಯಲ್ಲಿ 'ಆನ್‌ಸೈಟ್'. ರೂಮಿನಲ್ಲಿ ಅನ್ನ ಸಾರು, ಭಾನುವಾರ ಬೇಜಾರು. ಒಂದು ಭಾನುವಾರ ಊರಿನ ಹೊರಗೆ ಮಾರ್ನ್-ಲಾ-ವಾಲೆಯಲ್ಲಿರುವ ಡಿಸ್ನಿಲ್ಯಾಂಡಿಗೆ ಒಬ್ಬನೇ ರೈಲು ಹತ್ತಿದೆ. ಅಲ್ಲಿಯ ಸ್ಪೇಸ್ ಮೌಂಟನ್‌ಗೆ ಆಗ 'ಭೂಮಿಯಿಂದ ಚಂದ್ರನಿಗೆ' ಅಂತ ಉಪನಾಮ, ಫ್ರೆಂಚಿನಲ್ಲಿ. ಜೂಲ್ ವರ್ನ್ 1865ರಲ್ಲಿ ಬರೆದ ಕಾದಂಬರಿಯ ಹೆಸರೇ ಅದು. ಅದರಲ್ಲಿ ದೊಡ್ಡದೊಂದು ತೋಪಿನಲ್ಲಿ ಮನುಷ್ಯರನ್ನು ತುಂಬಿ ಚಂದ್ರನ ಕಡೆಗೆ ಹಾರಿಸುತ್ತಾರೆ. ಇಲ್ಲಿಯೂ ಹಾಗೇ. ತಾಮ್ರ ಹಿತ್ತಾಳೆ ಬಣ್ಣದ, ಹಳೆ ಕಾಲದ ಯಂತ್ರದಂತಿರುವ ಗುಡ್ಡ. ಅದರ ಮಗ್ಗುಲಿಗೆ ಮುಗಿಲಿಗೆ ಬಾಯಿ ತೆರೆದ ತೋಪು. ಬಂಡಿ ಆ ತೋಪಿನೊಳಗೆ ಹೋಗಿ ನಿಲ್ಲುತ್ತದೆ. (ಮಲಿಕ್-ಎ-ಮೈದಾನ್ ತೋಪಿನ ಊರಿನವನಿಗೆ ಇದಕ್ಕಿಂತ ಆತ್ಮೀಯ ಸ್ವಾಗತ ಇನ್ನೇನು ಬೇಕು!) ಕಿವಿಯ ಪಕ್ಕದಲ್ಲೇ ವಾದ್ಯಮೇಳ ನಿಧಾನಕ್ಕೆ ಏರುತ್ತದೆ. ಎಣಿಕೆ. ಹೊಗೆ. ಧಡ್! ಮೇಲಕ್ಕೆ ಎಸೆದ ಹಾಗೆ. ಆಮೇಲೆ ಕತ್ತಲು, ನಕ್ಷತ್ರ, ತಲೆಕೆಳಗು, ಮತ್ತೆ ಒಂದು ಕಡೆ ನಗುಮುಖದ ಚಂದ್ರ. 1902ರಲ್ಲಿ ಜಾರ್ಜ್ ಮೆಲಿಯೆ ತೆಗೆದ ಮೂಕಿ ಚಿತ್ರದ ಚಂದ್ರನ ನೆನಪು. ಅಲ್ಲಿ ಕೊಂಬು ಕಹಳೆಗಳೆಲ್ಲ ಒಮ್ಮೆಲೇ ಅರಳಿದಂತೆ ಆಗುತ್ತದೆ. ನಿಮಗೆ ನಗು ಬರಬಹುದು, ಮೂರು ತಿಂಗಳಿಂದ ಯಾರ ಜೊತೆಗೂ ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡದವನು ಅವತ್ತು ಆ ಕತ್ತಲಲ್ಲಿ "ಯವ್ವಾ!" ಅಂತ ಕೂಗಿದೆ. ಇಳಿದ ಮೇಲೆ ಮತ್ತೆ ಸಾಲಿನಲ್ಲಿ ನಿಂತೆ.

ಆ ಸಂಗೀತ ಸ್ಟೀವನ್ ಬ್ರಾಮ್ಸನ್ ಅವರದು. ಬಂಡಿಯ ಓಟಕ್ಕೆ ಹೊಂದಿಸಿ ಸೀಟಿನಲ್ಲೇ ಸಂಗೀತ ಕೇಳಿಸುವ ವ್ಯವಸ್ಥೆಯನ್ನು 1995ರಲ್ಲಿ ಡಿಸ್ನಿಯವರು ಮೊದಲು ಮಾಡಿದ್ದು ಇಲ್ಲಿಯೇ. ಕೇಳಲು ಸುಲಭ, ಮಾಡಲು ಕಷ್ಟ. ರೋಲರ್ ಕೋಸ್ಟರ್‌ಗೆ ಒಳಗೊಂದು ಎಂಜಿನ್ ಇರುವುದಿಲ್ಲ. ಮೇಲಿಂದ ಬಿಟ್ಟ ಮೇಲೆ ಭೂಮಿಯೇ ಎಳೆಯಬೇಕು. ತುಂಬಿದ ಬಂಡಿ ಜೋರಾಗಿ ಹೋಗುತ್ತದೆ, ಖಾಲಿ ಬಂಡಿ ನಿಧಾನ. ಚಳಿಯ ಮುಂಜಾನೆ ಒಂದು ವೇಗ, ಮಧ್ಯಾಹ್ನ ಗಾಲಿ ಬಿಸಿಯಾದ ಮೇಲೆ ಇನ್ನೊಂದು. ಹಾಡು ಮಾತ್ರ ಕ್ಯಾಸೆಟ್ಟಿನ ಹಾಗೆ ಒಂದೇ ವೇಗದಲ್ಲಿ ಓಡಿದರೆ ಚಂದ್ರ ಬರುವ ಮೊದಲೇ ಚಂದ್ರನ ರಾಗ ಬಂದು ಹೋದೀತು. ಅದಕ್ಕೆ ಹಳಿಯ ಗೊತ್ತಾದ ಜಾಗಗಳಲ್ಲಿ ಬಂಡಿ ಬಂತು ಅಂತ ಗುರುತಿಸಿ, ಆಗ ಸಂಗೀತದ ಮುಂದಿನ ತುಂಡನ್ನು ಬಿಡುತ್ತಾರೆ. ಈ ವಿಷಯ ನೆನಪಿಟ್ಟುಕೊಳ್ಳಿ, ಬಬಲೇಶ್ವರಕ್ಕೆ ಹೋದಾಗ ಬೇಕಾಗುತ್ತದೆ.

ಮರುವರ್ಷ 1996ರಲ್ಲಿ ಕ್ಯಾಲಿಫೋರ್ನಿಯಾದವರೂ ಸೀಟಿನಲ್ಲಿ ಸಂಗೀತ ತಂದರು. ಗಿಟಾರ್ ವಾದಕ ಡಿಕ್ ಡೇಲ್ ಅವರದು, ಫ್ರೆಂಚ್ ಸಂಗೀತಕಾರ ಸ್ಯಾಂ-ಸಾನ್ಸ್ 1886ರಲ್ಲಿ ರಚಿಸಿದ 'ಅಕ್ವೇರಿಯಂ' ಎಂಬ ಭಾಗದ ಮೇಲೆ ಕಟ್ಟಿದ್ದು. ಅದು 2003ರ ತನಕ ನಡೆಯಿತು. ಹಳಿಯನ್ನೆಲ್ಲ ಹೊಸದಾಗಿ ಹಾಕಿ 2005ರ ಜುಲೈನಲ್ಲಿ ಮತ್ತೆ ತೆರೆದಾಗ ಹೊಸ ಸಂಗೀತ, ಮೈಕಲ್ ಜಿಯಾಕಿನೋ ಅವರದು. ಸಿನಿಮಾ ಸಂಗೀತದಲ್ಲಿ ಆಮೇಲೆ ಆಸ್ಕರ್ ಗೆದ್ದವರು. ಅದೇ 2005ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲೂ ವರ್ನ್ ಕಥೆ ತೆಗೆದು 'ಮಿಷನ್ 2' ಅಂತ ಮಾಡಿದರು. ಚಂದ್ರ ಹೋದ. ಅದರ ಬದಲು ವಿಶ್ವದ ತುದಿಗೆ ಪಯಣ. ಸಂಗೀತ? ಅಲ್ಲಿಯೂ ಜಿಯಾಕಿನೋ ಅವರದೇ.

ಇಲ್ಲಿ ನೋಡಿ ಮಜಾ. ಒಬ್ಬರೇ ಸಂಗೀತಗಾರ, ಒಂದೇ ವರ್ಷ, ಒಂದೇ ಹೆಸರಿನ ಬಂಡಿ. ಕ್ಯಾಲಿಫೋರ್ನಿಯಾದಲ್ಲಿ ಅಭಿಮಾನಿಗಳು ಕುಣಿದಾಡಿದರು. ಆ ಸಂಗೀತ ಇಲ್ಲದೆ ಆ ಬಂಡಿಯನ್ನು ಊಹಿಸಲಾಗದು ಅನ್ನುವವರೇ ಹೆಚ್ಚು. ಪ್ಯಾರಿಸ್‌ನಲ್ಲಿ ಎಷ್ಟೋ ಜನ ಮುಖ ಗಂಟು ಹಾಕಿದರು, ಇನ್ನೂ ಬಿಚ್ಚಿಲ್ಲ. ನಾನೂ ಆ ಗುಂಪಿನವನೇ. 2007ರಲ್ಲಿ ಮದುವೆಯಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗಿ, "ಈಗ ನೋಡು, ಚಂದ್ರ ಬರ್ತಾನೆ" ಅಂತ ಕತ್ತಲಲ್ಲಿ ಕೈ ಹಿಡಿದು ಹೇಳಿದೆ. ಬರಲಿಲ್ಲ. ಅವಳಿಗೆ ಬಂಡಿ ಬಹಳ ಇಷ್ಟವಾಯಿತು. ನನಗೆ ಮಾತ್ರ ಯಾರದೋ ಮನೆಗೆ ಹೋದ ಹಾಗಿತ್ತು.

ಹೊಸ ಸಂಗೀತ ಕೆಟ್ಟದ್ದೇ? ಖಂಡಿತ ಅಲ್ಲ. ಹಾಗಾದರೆ ಎರಡು ಊರಲ್ಲಿ ಎರಡು ತೀರ್ಪು ಯಾಕೆ? ನನಗೆ ತೋಚಿದ್ದು ಇಷ್ಟು. ಕ್ಯಾಲಿಫೋರ್ನಿಯಾದ ಬಂಡಿಗೆ ಮೊದಲಿಂದ ಕಥೆ ಅಂತ ಹೆಚ್ಚೇನೂ ಇರಲಿಲ್ಲ. ಅಂತರಿಕ್ಷ, ವೇಗ, ಅಷ್ಟೆ. ಸಂಗೀತ ಅಲ್ಲಿ ಒಡವೆ. ಹಳೆ ಒಡವೆ ಹೋಗಿ ಇನ್ನೂ ಚೆಂದದ್ದು ಬಂದರೆ ಯಾರಿಗೆ ಬೇಸರ? ಪ್ಯಾರಿಸ್‌ನಲ್ಲಿ ಕಥೆ ಹೇಳುತ್ತಿದ್ದುದೇ ಸಂಗೀತ. ಮಾತಿಲ್ಲ, ಪಾತ್ರವಿಲ್ಲ, ಕತ್ತಲು. ಈಗ ತೋಪು ಏರುತ್ತಿದ್ದೀವಿ, ಈಗ ಚಂದ್ರ ಕಂಡ, ಈಗ ಮನೆಗೆ ಮರಳುತ್ತಿದ್ದೀವಿ ಅಂತ ಹೇಳಲು ಕೊಂಬು ಕಹಳೆ ಬಿಟ್ಟರೆ ಇನ್ಯಾರೂ ಇರಲಿಲ್ಲ. ಅದನ್ನು ತೆಗೆದರೆ ಒಡವೆ ತೆಗೆದಂತಲ್ಲ, ನಾಲಿಗೆ ತೆಗೆದಂತೆ. ಮೇಲಾಗಿ ಹೊರಗೆ ಗುಡ್ಡ ಹಾಗೇ ನಿಂತಿತ್ತು, ತೋಪೂ ಹಾಗೇ. ಗೋಡೆ ಒಂದು ಕಥೆ ಹೇಳುತ್ತದೆ, ಕಿವಿ ಇನ್ನೊಂದು. 2017ರ ಮೇ ತಿಂಗಳಲ್ಲಿ ಮತ್ತೆ ಬದಲಾಗಿ 'ಹೈಪರ್‌ಸ್ಪೇಸ್ ಮೌಂಟನ್' ಆಯಿತು. ಈಗ ಸ್ಟಾರ್ ವಾರ್ಸ್ ಕಾಳಗ, ಜಾನ್ ವಿಲಿಯಮ್ಸ್ ಸಂಗೀತ. 1865ರ ತೋಪಿನಿಂದ ಹಾರಿ ಸ್ಟಾರ್ ವಾರ್ಸ್ ಯುದ್ಧಕ್ಕೆ!

ಎದುರು ಪಕ್ಷದವರ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯವಲ್ಲ. ಈಗಿನ ಮಕ್ಕಳಲ್ಲಿ ಜೂಲ್ ವರ್ನ್ ಓದಿದವರು ಎಷ್ಟು? ಗೊತ್ತಿಲ್ಲದ ಕಥೆಯನ್ನು ಎರಡು ನಿಮಿಷದ ಕತ್ತಲಲ್ಲಿ ಹೇಳಲಾಗದು. ಗೊತ್ತಿರುವ ಕಥೆ ಆದರೆ ಎರಡು ಸ್ವರ ಸಾಕು, ಪೂರ್ತಿ ಸಿನಿಮಾ ಕಣ್ಣ ಮುಂದೆ ಬರುತ್ತದೆ. ಇನ್ನೊಂದು ಗುಂಪಿದೆ: 2005ರಿಂದ 2015ರ ನಡುವೆ ಬಾಲ್ಯ ಕಳೆದವರು. ಅವರಿಗೆ ಮಿಷನ್ 2 ಸಂಗೀತವೇ 'ಹಳೆಯದು', ಅದು ಹೋದದ್ದಕ್ಕೇ ದುಃಖ. ಅಂದರೆ ಪ್ರತಿಯೊಬ್ಬರಿಗೂ ತಾವು ಮೊದಲು ಕೂತ ಬಂಡಿಯೇ ಸರಿಯಾದ ಬಂಡಿ. ಹಾಗಂತ ಎಲ್ಲವೂ ಬರೀ ನೆನಪಿನ ಮೋಹ ಅಂತ ತಳ್ಳಿಹಾಕಬಹುದೇ? ನನಗೆ ಉತ್ತರ ಹೊಳೆದಿರಲಿಲ್ಲ.

ಸಂಜೆ ಕಾರಿನಲ್ಲಿ ತಿಕೋಟಾಕ್ಕೆ ಹೊರಟೆವು. ತೊರವಿ ಹತ್ತಿರ ಬಂದಾಗ ನಿಲ್ಲಿಸಿ ಹುಡುಗನಿಗೆ ನವರಸಪುರದ ಪಾಳುಗೋಡೆ ತೋರಿಸಿದೆ. ತೊರವಿ ರಾಮಾಯಣದ ತೊರವಿ ಇದೇ. 1580ರಿಂದ 1627ರ ತನಕ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ, ಜನ 'ಜಗದ್ಗುರು' ಅಂತ ಕರೆದ ಬಾದಶಹಾ, 1599ರಲ್ಲಿ ಇಲ್ಲೊಂದು ಹೊಸ ನಗರ ಕಟ್ಟಲು ಕೈಹಾಕಿದ. ನವರಸ ಅನ್ನೋ ಒಂದೇ ಪದದ ಸುತ್ತ. ನಗರದ ಹೆಸರು ನವರಸಪುರ, ಅರಮನೆಗೂ ಅದೇ ಹೆಸರು, ಹಬ್ಬಕ್ಕೂ ಅದೇ, ತಾನು ದಖನಿಯಲ್ಲಿ ಬರೆದ ಹಾಡಿನ ಪುಸ್ತಕಕ್ಕೂ ಅದೇ: 'ಕಿತಾಬ್-ಎ-ನವರಸ್'. ಸರಸ್ವತಿಯನ್ನು ನೆನೆದು ಶುರುವಾಗುವ ಪುಸ್ತಕ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟವನು. ಈಗಿನವರು ಯಾವುದನ್ನು 'ಥೀಮ್' ಅನ್ನುತ್ತಾರೋ, ಅಂದರೆ ಕಲ್ಲು, ಹಾಡು, ಹಬ್ಬ ಎಲ್ಲವೂ ಒಂದೇ ಮಾತು ಹೇಳಬೇಕು ಅನ್ನುವುದು, ಅದನ್ನು ನಮ್ಮ ಊರ ದಾರಿಯಲ್ಲಿ ಒಬ್ಬ ದೊರೆ 425 ವರ್ಷಗಳ ಹಿಂದೆ ಮಾಡಿದ್ದ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಬಂದು ನಗರವನ್ನು ಹಾಳುಗೆಡವಿತು. ಸಂಗೀತ ಮಹಲಿನ ಕಮಾನು ಉಳಿದಿದೆ. ಪುಸ್ತಕವೂ ಉಳಿದಿದೆ. ಹಾಡಿನ ಮೇಲೆ ರಾಗದ ಹೆಸರೂ ಇದೆ. ಧಾಟಿ ಇಲ್ಲ. ಇಬ್ರಾಹಿಂ ಅದನ್ನು ಹೇಗೆ ಹಾಡುತ್ತಿದ್ದ ಅಂತ ಆ ಕಲ್ಲಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಹುಡುಗ ಕೇಳಿದ: "ಆಗ ಫೋನ್ ಇದ್ದಿದ್ರ ರೆಕಾರ್ಡ್ ಮಾಡ್ತಿದ್ರೇನು ಮಾಮಾ?"

ಆ ಪ್ರಶ್ನೆಯೇ ನಮ್ಮನ್ನು ಮರುದಿನ ಬಬಲೇಶ್ವರಕ್ಕೆ ಎಳೆದುಕೊಂಡು ಹೋಗಿದ್ದು. ಅಲ್ಲಿ ನನ್ನ ಸೋದರಮಾವ ಇದ್ದಾರೆ. ಎಂಬತ್ತು ದಾಟಿದೆ. ಒಂದು ಕಾಲಕ್ಕೆ ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಪೇಟಿ ಮಾಸ್ತರ. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಅನ್ನುತ್ತೇವೆ. ದಕ್ಷಿಣದ ಗೆಳೆಯರಿಗೆ ಒಂದು ಮಾತು: ಪಾರಿಜಾತ ಅಂದರೆ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಸಣ್ಣಾಟ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ ಇವರಿಂದ ಬೆಳೆದು, ಕೌಜಲಗಿ ನಿಂಗಮ್ಮನಂಥವರಿಂದ ಮನೆಮಾತಾದ ಆಟ. ರುಕ್ಮಿಣಿಗೆ ಹೂವು ಸಿಕ್ಕಿತು, ಸತ್ಯಭಾಮೆಗೆ ಸಿಟ್ಟು ಬಂತು. ಕಥೆ ಊರಿಗೆಲ್ಲ ಗೊತ್ತು. ಆದರೂ ಜನ ಬೆಳಗಿನ ತನಕ ಕೂರುತ್ತಿದ್ದರು, ಮರುದಿನ ಕಟ್ಟೆ ಮೇಲೆ ಕೂತು ಯಾವ ಮೇಳದ ಭಾಮೆ ಹೆಚ್ಚು, ಯಾರ ಧಾಟಿ ಸರಿ ಅಂತ ಜಗಳಾಡುತ್ತಿದ್ದರು. ಪ್ಯಾರಿಸ್ ಅಭಿಮಾನಿಗಳ ಜಗಳ ಓದುವಾಗ ನನಗೆ ಮೊದಲು ನೆನಪಾದದ್ದು ಆ ಕಟ್ಟೆಯೇ.

ಮಾವನನ್ನು ಕಟ್ಟೆಯ ಮೇಲೆ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಮೊದಲು ಬ್ರಾಮ್ಸನ್ ಸಂಗೀತ ಹಚ್ಚಿದೆ. ಏನೂ ಹೇಳಲಿಲ್ಲ, ಕಣ್ಣು ಮುಚ್ಚಿ ಕೇಳ್ರಿ ಅಂದೆ ಅಷ್ಟೆ. ಮಾವ ಬೆರಳಲ್ಲಿ ತೊಡೆ ತಟ್ಟುತ್ತ ಕೇಳಿದರು.

"ಇದು ಏರೂ ಗತ್ತು... ಯಾರೋ ಗುಡ್ಡಾ ಏರಾಕತ್ತ್ಯಾರ. ಹಾಂ, ಈಗ ಬಿದ್ರು! ... ಈಗೇನೋ ಶುಭ ಆತು ನೋಡು. ಲಗ್ನ ಆತೇನು?"

ಚಂದ್ರ ಬಂದ ಜಾಗ ಅದು! ಹುಡುಗ ಬಿದ್ದು ಬಿದ್ದು ನಕ್ಕ. ಆಮೇಲೆ ಮಿಷನ್ 2 ಕೇಳಿಸಿದೆ. ಮಾವ ತಲೆದೂಗಿದರು. "ಇದೂ ಛಲೋ ಐತಿ. ಬಾರಿಸಿದಾಂವ ಶ್ಯಾಣ್ಯಾ ಅದಾನ. ಆದ್ರ ಎಲ್ಲಿಗೆ ಹೊಂಟೀವಿ ಅಂತ ಹೇಳವಲ್ಲ."

ಬಂಡಿ ಬಂದ ಜಾಗ ನೋಡಿ ಸಂಗೀತದ ತುಂಡು ಬಿಡುವ ವಿಷಯ ಹೇಳಿದೆ. ಅದಕ್ಕವರು ಆಶ್ಚರ್ಯಪಡಲೇ ಇಲ್ಲ. "ಮತ್ತ ಹೆಂಗ ಮಾಡ್ತಾರ? ಭಾಮಾ ಜಡಿ ಹಿಡದು ತಿರುಗೂದು ಒಂದಿನಾ ಲಗೂ ಮುಗೀತೈತಿ, ಒಂದಿನಾ ಜನಾ ಸೀಟಿ ಹೊಡದ್ರ ಇನ್ನೊಂದು ಸುತ್ತ ತಿರಗತಾಳ. ಆಕಿ ಕಾಲ ನೋಡಕೋತ ನಾ ಸ್ವರಾ ಹಿಡಿದಿರತೀನಿ. ಆಕಿ ನಿಂತಳು ಅಂದ್ರ ಪಲ್ಲಾ ಬಿಡ್ತೀನಿ." ಕಂಪ್ಯೂಟರ್ ಹಚ್ಚಿ ಮಾಡಿದ್ದನ್ನು ಮಾವ ಎರಡು ಕೈಯಲ್ಲಿ ಮಾಡುತ್ತಿದ್ದರು.

ಆಮೇಲೆ ನಾನು ನನ್ನ ದೂರು ತೆಗೆದೆ. ಹಳೆ ಸಂಗೀತ ತೆಗೆದುಬಿಟ್ಟರು, ಕಥೆ ಹೋಯಿತು, ಅನ್ಯಾಯ ಅಂತ. ಮಾವ ನನ್ನ ಕಡೆ ಮಾತಾಡುತ್ತಾರೆ ಅಂದುಕೊಂಡಿದ್ದೆ. ಅವರ ಮೇಳಕ್ಕೂ ಕೀಬೋರ್ಡ್ ಬಂದು ಪೇಟಿ ಮೂಲೆಗೆ ಸೇರಿದ್ದು ನನಗೆ ಗೊತ್ತಿತ್ತಲ್ಲ. ಆದರೆ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇದು:

"ನಾನೂ ನಮ್ಮ ಮಾಸ್ತರಂದು ಧಾಟಿ ಬದಲಿ ಮಾಡೀನಿ ತಮ್ಮಾ. ಭಾಮಾನ ಸಿಟ್ಟಿಂದು ಒಂದು ಹಾಡ ಇತ್ತು. ಅವರದು ಭಾಳ ಸಾವಕಾಶ. ನಾ ಸಿನಿಮಾದ್ದು ಕೇಳಿ ಜೋರ ಮಾಡಿದೆ. ಹಿರ್ಯಾರು ಬೈದ್ರು, ಹುಡುಗೂರು ಸೀಟಿ ಹೊಡದ್ರು. ಬದಲಿ ಮಾಡೂದು ತಪ್ಪಲ್ಲ. ನಿಮ್ಮ ಫ್ರಾನ್ಸಿನವರು ಹಳೇದನ್ನ ಕೇಳಾಕ ಬರೂವಂಗ ಇಟಗೊಂಡಾರಲ್ಲ, ಅದರಾಗ ಅವರು ಗೆದ್ರು."

"ನಿಮ್ಮ ಮಾಸ್ತರ ಧಾಟಿ ಹೆಂಗಿತ್ತು ಮಾಮಾ?" ಅಂದೆ.

ಒಳಗಿಂದ ಪೇಟಿ ತರಿಸಿದರು. ಬಾತೆಗೆ ತೇಪೆ ಹಾಕಿದ್ದು, ಎರಡು ಮಣೆ ಏಳುವುದಿಲ್ಲ. ಹುಡುಗ ಫೋನ್ ಹಿಡಿದು ಕೂತ. ಮಾವ ಸ್ವರ ಹಿಡಿದು ಶುರು ಮಾಡಿದರು. ನಿಜಕ್ಕೂ ಸಾವಕಾಶ. ಸಿಟ್ಟಿನ ಹಾಡು ಅಂದಿದ್ದರು, ಆದರೆ ಅದರಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು. ಹೂವು ಇನ್ನೊಬ್ಬಳ ಅಂಗಳಕ್ಕೆ ಬಿದ್ದ ಹೆಣ್ಣು ಮೊದಲು ಸಿಟ್ಟಾಗುತ್ತಾಳೋ, ಅಳುತ್ತಾಳೋ? ಆ ಮಾಸ್ತರ ಯೋಚಿಸಿದ್ದರು ಅನ್ನಿಸಿತು. ಎರಡು ಸಾಲು ಬಂತು. ಮೂರನೆಯದಕ್ಕೆ ಬೆರಳು ನಿಂತಿತು. ಮತ್ತೆ ಮೊದಲಿಂದ ಹಿಡಿದರು. ಮತ್ತೆ ಅಲ್ಲೇ ನಿಂತಿತು. ಮೂರನೆಯ ಸಲ ಬಂದಾಗ ಅವರದೇ ಜೋರು ಧಾಟಿ ಬೆರಳಿಗೆ ಬಂದುಬಿಟ್ಟಿತು. ಮಾವ ಬಾತೆ ಮುಚ್ಚಿ, "ಇಷ್ಟ ನೋಡಪಾ. ನಾನ ಅಳಿಸಿದೆ" ಅಂದರು.

ಬೇಸರದಿಂದ ಹೇಳಿದ್ದಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು. ನನಗೇ ತಡೆಯಲಾಗಲಿಲ್ಲ.

ಆವತ್ತಿನಿಂದ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಪ್ಯಾರಿಸ್‌ನಲ್ಲಿ ಚಂದ್ರನನ್ನು ತೆಗೆದದ್ದು ತಪ್ಪು ಅಂತ ಈಗಲೂ ಅನ್ನುತ್ತೇನೆ, ಬಿಡುವುದಿಲ್ಲ :) ಗೋಡೆ ಒಂದು ಹೇಳಿ ಕಿವಿ ಇನ್ನೊಂದು ಹೇಳುವ ಬಂಡಿ ಅರ್ಧ ಬಂಡಿಯೇ. ಆದರೆ ಅಲ್ಲಿ ಕಳೆದದ್ದು ಪೂರ್ತಿ ಕಳೆದಿಲ್ಲ. ತಲೆ ಕೆಟ್ಟವರು ಅಂತ ನಾವು ನಗುವ ಆ ಅಭಿಮಾನಿಗಳು ಎಲ್ಲಿ ಯಾವ ವಾದ್ಯ, ಯಾವ ತಿರುವಿಗೆ ಯಾವ ಸ್ವರ, ಯಾವ ವರ್ಷ ಏನು ಬದಲಾಯಿತು ಅಂತ ಬರೆದಿಟ್ಟಿದ್ದಾರೆ, ಧ್ವನಿ ಉಳಿಸಿದ್ದಾರೆ. ಟೋಕಿಯೋದ 1983ರ ಸ್ಪೇಸ್ ಮೌಂಟನ್ 2024ರ ಜುಲೈ 31ಕ್ಕೆ ಮುಚ್ಚಿತು, ಅದನ್ನು ಕೆಡವಿ ಹೊಸದು ಕಟ್ಟುವ ಯೋಜನೆ. ಕಟ್ಟಡ ಹೋದರೂ ಅದರೊಳಗೆ ಕೂತಿದ್ದವರ ಮಾತು ಉಳಿಯುತ್ತದೆ. ನಮ್ಮ ಕಟ್ಟೆಯ ಜಗಳಗಳು ಎಲ್ಲಿ ಉಳಿದಿವೆ? ಯಾವ ಮೇಳದ ಭಾಮೆ ಹೆಚ್ಚು ಅಂತ ರಾತ್ರಿಯೆಲ್ಲ ವಾದಿಸಿದ ಬಬಲೇಶ್ವರದ ಹಿರಿಯರು ಒಂದು ಸಾಲು ಬರೆದಿಟ್ಟಿದ್ದರೆ ಮಾವನ ಮೂರನೆಯ ಸಾಲು ಸಿಗುತ್ತಿತ್ತೋ ಏನೋ.

ಹುಡುಗ ರೆಕಾರ್ಡ್ ಮಾಡಿದ್ದು ಒಂದು ನಿಮಿಷ ಹತ್ತು ಸೆಕೆಂಡು. ಎರಡು ಸಾಲು, ಮೂರು ಸಲ, ಕೊನೆಗೆ ಬಾತೆ ಮುಚ್ಚಿದ ಸದ್ದು, ಹಿಂದೆ ಯಾರದೋ ಎಮ್ಮೆ ಕೂಗಿದ್ದು. ಪುಣೆಗೆ ಹೋಗುವಾಗ ಅದಕ್ಕೆ 'ಭಾಮಾ ಮಿಷನ್ 1' ಅಂತ ಹೆಸರಿಟ್ಟು ನನಗೂ ಕಳಿಸಿದ್ದಾನೆ, ಕಳ್ಳ!

ನಿಮ್ಮಲ್ಲಿ ಯಾರಿಗಾದರೂ ಮನೆಯಲ್ಲಿ ಹಳೆ ಪಾರಿಜಾತದ ಕ್ಯಾಸೆಟ್ ಇದ್ದರೆ, ಅಥವಾ ಆ ಸಾವಕಾಶದ ಧಾಟಿ ಹಾಡುವ ಅಜ್ಜ ಅಜ್ಜಿ ಇದ್ದರೆ, ದಯವಿಟ್ಟು ಕೆಳಗೆ ಬರೆಯಿರಿ. ಮೂರನೆಯ ಸಾಲು ಬೇಕಾಗಿದೆ. ಮಾವ ಕಾಯುತ್ತಿದ್ದಾರೆ.